ಹನ್ನೊಂದು ಗಂಟೆಯ ಗಾಡಿ

ಆ ಬಡಾವಣೆಯಲ್ಲಿ ಕಾರು ಓಡಿಸಲು ಬರುವವರಲ್ಲಿ ಅರ್ಧಕ್ಕರ್ಧ ಜನ ಬ್ರೇಕ್ ಮೇಡಂ ಬಾಯಿಗೆ ಸಿಕ್ಕು ಹಣ್ಣಾದವರೇ. ಆಕೆ ಹತ್ತೊಂಬತ್ತು ವರ್ಷಗಳಿಂದ ಡ್ರೈವಿಂಗ್ ಶಾಲೆ ನಡೆಸುತ್ತಿದ್ದಳು. ಶಾಲೆಯೆಂದರೆ ರಸ್ತೆಗೆ ಬಾಗಿಲಿದ್ದ ಒಂದು ಕೋಣೆ, ಗೋಡೆಗೆ ತೂಗುಹಾಕಿದ ರಸ್ತೆ ಚಿಹ್ನೆಗಳ ಪಟ, ಹೊರಗೆ ನಿಂತ ಒಂದು ಬಿಳಿ ಕಾರು, ಅಷ್ಟೇ. ಕಲಿಯುವವರ ಪಕ್ಕದ ಸೀಟಿನ ಮುಂದೆ ಆಕೆಯ ಕಾಲಿಗೆಂದು ಇನ್ನೊಂದು ಬ್ರೇಕ್ ಕೂರಿಸಿದ್ದರು. ಕ್ಲಚ್ಚು, ಆಕ್ಸಿಲರೇಟರ್ ಕಲಿಯುವವರ ಪಾಲಿಗೆ. ಆಕೆಯ ಕಾಲು ಆ ಬ್ರೇಕಿನ ಮೇಲಿಂದ ಒಂದು ಗೇಣೂ ಆಚೆ ಹೋಗುತ್ತಿರಲಿಲ್ಲ. ನಾಯಿ ಅಡ್ಡ ಬಂದರೂ ಸರಿ, ಮಗು ಚೆಂಡಿನ ಹಿಂದೆ ಓಡಿ ಬಂದರೂ ಸರಿ, ಕಲಿಯುವವರಿಗೆ ಗೊತ್ತಾಗುವಷ್ಟರಲ್ಲಿ ಗಾಡಿ ನಿಂತಿರುತ್ತಿತ್ತು. ಹೆಸರು ಬಂದದ್ದು ಹಾಗೆ.

ಆಕೆಗೆ ಇನ್ನೊಂದು ಅಭ್ಯಾಸವೂ ಇತ್ತು. ಉದ್ದನೆಯ ರಟ್ಟಿನ ರಿಜಿಸ್ಟರಿನಲ್ಲಿ ಪ್ರತಿಯೊಬ್ಬ ಕಲಿಯುವವರಿಗೂ ಒಂದು ಪುಟ. ದಿನಾಂಕ, ಗಂಟೆ, ಅವತ್ತು ಮಾಡಿದ ತಪ್ಪು. ‘ಕನ್ನಡಿ ನೋಡುವುದಿಲ್ಲ.’ ‘ಮಾತು ಜಾಸ್ತಿ.’ ‘ಗೇರ್ ಹಾಕುವಾಗ ಗೇರನ್ನೇ ನೋಡುತ್ತಾನೆ.’ ಹೊಗಳಿಕೆಗೆ ಆ ರಿಜಿಸ್ಟರಿನಲ್ಲಿ ಜಾಗವಿರಲಿಲ್ಲ. ತಪ್ಪಿಲ್ಲದ ದಿನ ಒಂದು ಅಡ್ಡಗೆರೆ ಎಳೆದರೆ ಮುಗಿಯಿತು.

ನರ್ಸಮ್ಮ ಬಂದಾಗ ಅವರಿಗೆ ಅರವತ್ತು ತುಂಬಿತ್ತು. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮದುವೆಯಾಗಿರಲಿಲ್ಲ. ಸಣ್ಣದೊಂದು ಹಳೇ ಕಾರು ತೆಗೆದುಕೊಂಡು ಮನೆಯ ಮುಂದೆ ಹೊದಿಕೆ ಹಾಕಿ ನಿಲ್ಲಿಸಿಕೊಂಡಿದ್ದರು.

“ಈ ವಯಸ್ಸಲ್ಲಿ ಯಾಕೆ ಬೇಕಾಯ್ತು ಅಮ್ಮಾ?” ಎಂದು ಮೇಡಂ ಮೊದಲ ದಿನವೇ ಕೇಳಿದಳು.

“ನಮ್ಮಕ್ಕ ಪಕ್ಕದೂರಲ್ಲಿದ್ದಾಳೆ. ಎರಡು ಬಸ್ ಬದಲಾಯಿಸಬೇಕು. ದಿನಾ ಫೋನಲ್ಲೇ ಜಗಳ ಆಡ್ತೀವಿ, ಅರ್ಧ ಆದಾಗ ಅವಳು ಇಟ್ಟುಬಿಡ್ತಾಳೆ. ಎದುರಿಗೆ ಕೂತು ಪೂರ್ತಿ ಆಡ್ಬೇಕು ಅಂತ ಆಸೆ.”

ಹೇಳುವಾಗ ನರ್ಸಮ್ಮ ನಗಲಿಲ್ಲ. ಹಾಗಾಗಿ ಮೇಡಂ ಕೂಡ ನಗಲಿಲ್ಲ.

ಬೆಳಗಿನ ಏಳಕ್ಕೆ ಪಾಠ ಶುರುವಾದರೆ ನಾಲ್ಕು ಜನ ಮುಗಿದ ಮೇಲೆ, ಹನ್ನೊಂದಕ್ಕೆ ನರ್ಸಮ್ಮನ ಸರದಿ. ಅವರು ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದರು. ಕನ್ನಡಿ ನೋಡುತ್ತಿದ್ದರು, ಕೈ ಸರಿಯಾಗಿ ಇಡುತ್ತಿದ್ದರು, ಅನಾವಶ್ಯಕ ಒಂದು ಮಾತಿಲ್ಲ. ಆದರೆ ನಿಂತ ಗಾಡಿಯನ್ನು ಹೊರಡಿಸುವಾಗ ಮಾತ್ರ ಏನೋ ಆಗುತ್ತಿತ್ತು. ಕ್ಲಚ್ಚಿನಿಂದ ಕಾಲು ಎತ್ತುತ್ತಿದ್ದ ಹಾಗೇ ಗಾಡಿ ಗಡಗಡ ನಡುಗಿ, ಸೀಟು, ಕಿಟಕಿ, ಸ್ಟೀರಿಂಗ್ ಎಲ್ಲ ಅಲುಗಾಡಿ, ಒಮ್ಮೊಮ್ಮೆ ಹೊರಡುತ್ತಿತ್ತು, ಒಮ್ಮೊಮ್ಮೆ ಅಲ್ಲೇ ಆಫ್ ಆಗುತ್ತಿತ್ತು. ಮೇಡಂ ಹೇಳಿ ಹೇಳಿ ಸಾಕಾದಳು. ಎರಡು ತಿಂಗಳ ಪುಟದ ತುಂಬ ಒಂದೇ ಸಾಲು: ‘ಕ್ಲಚ್ ಬಿಡುವಾಗ ನಡುಕ.’

ಟೆಸ್ಟಿಗೆ ಒಂಬತ್ತು ದಿನ ಇರುವಾಗ ಆ ಘಟನೆ ನಡೆಯಿತು. ರೈಲು ಮೇಲ್ಸೇತುವೆಗೆ ಹತ್ತುವ ಏರಿನಲ್ಲಿ ಸಿಗ್ನಲ್ ಕೆಂಪಾಗಿತ್ತು. ಮುಂದೆ ಬಸ್ಸು, ಹಿಂದೆ ಸರಕು ವ್ಯಾನು. ಹಸಿರು ಬಂತು. ನರ್ಸಮ್ಮ ಕಾಲು ಎತ್ತಿದರು. ಗಾಡಿ ಚಳಿ ಹಿಡಿದವರ ಹಾಗೆ ನಡುಗಿ, ಒಂದು ಸಲ ಮುಂದಕ್ಕೆ ಜಿಗಿದು, ಆಫ್ ಆಯಿತು. ಆಮೇಲೆ ಹಿಂದಕ್ಕೆ ಜಾರಿತು. ವ್ಯಾನಿನ ಬಂಪರಿಗೆ ದೊಪ್ಪೆಂದು ತಗುಲಿದ ಮೇಲೆ ಮೇಡಂ ಕಾಲು ಬ್ರೇಕಿನ ಮೇಲೆ ಬಿತ್ತು.

ಹತ್ತೊಂಬತ್ತು ವರ್ಷಗಳಲ್ಲಿ ಅದೊಂದು ಸಲ ಆಕೆಯ ಕಾಲು ತಡಮಾಡಿತ್ತು. ಕಾರಣ ಆಕೆಗೊಬ್ಬಳಿಗೇ ಗೊತ್ತು. ಆ ಗಳಿಗೆಯಲ್ಲಿ ಆಕೆ ತೊಡೆಯ ಮೇಲೆ ರಿಜಿಸ್ಟರ್ ಇಟ್ಟುಕೊಂಡು ‘ನಡುಕ’ ಎಂದು ಬರೆಯುತ್ತಿದ್ದಳು.

ವ್ಯಾನಿನವನು ಇಳಿದು ಬಂದು ಬಂಪರ್ ನೋಡಿ, “ಏನೂ ಆಗಿಲ್ಲ, ಹೋಗ್ಲಿ ಬಿಡಿ ಮೇಡಂ” ಎಂದ. ಅವನು ನಾಲ್ಕು ಮಾತು ಬೈದಿದ್ದರೆ ಆಕೆಗೆ ವಾದ ಮಾಡಲು ಒಬ್ಬ ಸಿಗುತ್ತಿದ್ದ. ಅವನು ಅಷ್ಟು ಒಳ್ಳೆಯವನಾದ್ದರಿಂದ ಒಳಗಿನ ಸಿಟ್ಟೆಲ್ಲ ಪಕ್ಕದ ಸೀಟಿನ ಮೇಲೆ ಹರಿಯಿತು.

“ಎರಡು ತಿಂಗಳಿಂದ ಬಾಯಿ ಒಣಗಿಸ್ಕೊಂಡು ಹೇಳ್ತಿದ್ದೀನಿ! ನಿಮ್ಮ ಕಾಲಿಗೆ ಬುದ್ಧಿ ಅನ್ನೋದೇ ಇಲ್ಲ. ಈ ಜನ್ಮಕ್ಕೆ ನಿಮಗೆ ಗಾಡಿ ಬರಲ್ಲ. ಸುಮ್ನೆ ಮನೇಲಿ ಕೂತ್ಕೊಳ್ಳಿ!”

ಕಿಟಕಿ ತೆರೆದಿತ್ತು. ಟೈರ್ ಅಂಗಡಿಯ ಮುಂದೆ ನಿಂತಿದ್ದ ಮೂವರು ತಿರುಗಿ ನೋಡಿದರು. ನರ್ಸಮ್ಮ ಗಾಡಿಯನ್ನು ನ್ಯೂಟ್ರಲ್ಲಿಗೆ ತಂದರು, ಕೈಬ್ರೇಕ್ ಎಳೆದರು, ಕೀಲಿ ತಿರುಗಿಸಿ ತೆಗೆದು ಮೇಡಂ ಕೈಗೆ ಕೊಟ್ಟರು. ಕಲಿಸಿದ್ದ ಕ್ರಮದಲ್ಲಿ ಒಂದೂ ತಪ್ಪಲಿಲ್ಲ. ಆಮೇಲೆ ಕನ್ನಡಿಯಲ್ಲಿ ಹಿಂದೆ ನೋಡಿ, ಬಾಗಿಲು ತೆಗೆದು ಇಳಿದು, ಕಾಲುದಾರಿ ಹಿಡಿದು ಹೊರಟುಹೋದರು. ಮತ್ತೆ ಬರಲಿಲ್ಲ. ಟೆಸ್ಟಿನ ದಿನವೂ ಬರಲಿಲ್ಲ.

ಹನ್ನೊಂದರ ಜಾಗಕ್ಕೆ ಬೇರೆಯವನು ಬಂದ. ಇಟ್ಟಿಗೆ ಗೂಡಿನಲ್ಲಿ ಹತ್ತೊಂಬತ್ತು ವರ್ಷದಿಂದ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಕಾರಿನ ಲೈಸೆನ್ಸ್ ಇರಲಿಲ್ಲ ಎಂಬುದೊಂದು ಬಿಟ್ಟರೆ ಅವನಿಗೆ ಕಲಿಸುವಂಥದ್ದೇನೂ ಇರಲಿಲ್ಲ. ಮೂರನೆಯ ದಿನ ಮಾರುಕಟ್ಟೆಯ ಸಿಗ್ನಲ್ಲಿನಲ್ಲಿ ಗಾಡಿ ಹೊರಡಿಸುತ್ತ ಅವನು ಹೇಳಿದ:

“ಮೇಡಂ, ನಿಮ್ಮ ಗಾಡಿಗೆ ಚಳಿಜ್ವರ ಬಂದಿದೆ.”

“ಗಾಡಿಗಲ್ಲ, ನಿಮ್ಮ ಕಾಲಿಗೆ.”

ಅವನು ನಕ್ಕ. “ನನ್ನ ಕಾಲು ನಿಮ್ಮ ಶಾಲೆ ಶುರುವಾದಾಗಿಂದ ಇದೇ ಕೆಲಸ ಮಾಡ್ತಿದೆ. ಬೇಕಾದ್ರೆ ನೀವೇ ಈ ಕಡೆ ಕೂತು ನೋಡಿ.”

ಆಕೆ ಪಕ್ಕಕ್ಕೆ ನಿಲ್ಲಿಸಲು ಹೇಳಿ ಜಾಗ ಬದಲಾಯಿಸಿದಳು. ಗಾಡಿ ಬೆಣ್ಣೆಯ ಹಾಗೆ ಹೊರಟಿತು. “ನೋಡಿದ್ರಾ?” ಎಂದಳು.

“ನೋಡಿದೆ. ನಿಮ್ಮ ಬಲಗಾಲು ನೋಡ್ತಿದ್ದೆ. ಕ್ಲಚ್ ಬಿಡೋ ಮುಂಚೆ ಒಂದಿಷ್ಟು ಜಾಸ್ತಿ ಆಕ್ಸಿಲರೇಟರ್ ಒತ್ತಿದ್ರಿ. ಎಡಗಾಲನ್ನ ಚಕ್ಕಂತ ಎತ್ತಿದ್ರಿ. ನನಗೆ ಹಾಗೆ ಹೇಳಿಕೊಡ್ಲಿಲ್ಲವಲ್ಲ. ಮೆಲ್ಲಗೆ ಬಿಡಿ, ಮೆಲ್ಲಗೆ ಬಿಡಿ ಅಂತೀರಿ.”

ಆಕೆ ಮತ್ತೆ ನಿಲ್ಲಿಸಿದಳು. ಈ ಸಲ ತಾನೇ ಹೊಸದಾಗಿ ಕಲಿಯುವವಳಂತೆ, ತಾನೇ ಹೇಳಿಕೊಡುವ ಹಾಗೆ, ಕಾಲನ್ನು ಕೂದಲೆಳೆಯಷ್ಟಷ್ಟೇ ಎತ್ತಿದಳು. ಗಾಡಿ ಗಡಗಡ ನಡುಗಿತು. ಆಕೆ ಮೂರು ಸಲ ಹಾಗೆ ಮಾಡಿದಳು. ಮೂರು ಸಲವೂ ನಡುಗಿತು. ಯಾವಾಗಿನಿಂದಲೋ ಆಕೆಯ ಕಾಲು ಆಕೆಗೆ ಹೇಳದೆ ಕೇಳದೆ ಗಾಡಿಯ ಜೊತೆ ರಾಜಿ ಮಾಡಿಕೊಂಡುಬಿಟ್ಟಿತ್ತು.

ಆ ಭಾನುವಾರ ಮಧ್ಯಾಹ್ನ ಆಕೆ ಊಟವಾದ ಮೇಲೆ ರಿಜಿಸ್ಟರ್ ತೆಗೆದು ಕೂತಳು. ಗಂಡ ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ. ಒಬ್ಬೊಬ್ಬರ ಪುಟ ಒಂದೊಂದು ಕಡೆ ಇದ್ದದ್ದರಿಂದ ಆಕೆ ಯಾವತ್ತೂ ಎಲ್ಲರನ್ನೂ ಒಟ್ಟಿಗೆ ಓದಿರಲಿಲ್ಲ. ಈಗ ಒಂದು ಖಾಲಿ ಹಾಳೆ ಇಟ್ಟುಕೊಂಡು ‘ನಡುಕ’ ಎಂದಿದ್ದಲ್ಲೆಲ್ಲ ಗುರುತು ಹಾಕುತ್ತ ಹೋದಳು. ನರ್ಸಮ್ಮನನ್ನೂ ಸೇರಿಸಿ ಒಂಬತ್ತು ಜನ. ಒಂಬತ್ತೂ ಜನರ ನಡುಕ ಹತ್ತು ಗಂಟೆ ಇಲ್ಲವೇ ಹನ್ನೊಂದು ಗಂಟೆಯ ಸರದಿಯಲ್ಲಿ. ಏಳು, ಎಂಟು, ಒಂಬತ್ತರ ಸರದಿಯಲ್ಲಿ ಆ ಪದವೇ ಇಲ್ಲ. ಏಳಕ್ಕೆ ಬರುತ್ತಿದ್ದ ಒಬ್ಬ ಔಷಧಿ ಅಂಗಡಿಯವನು ಒಂದು ವಾರ ಮಾತ್ರ ಹನ್ನೊಂದಕ್ಕೆ ಬಂದಿದ್ದ. ಆ ವಾರವೂ ನಡುಕ. ‘ಈ ವಾರ ಗಮನ ಎಲ್ಲೋ ಇದೆ’ ಎಂದು ಆಕೆಯೇ ಬರೆದಿದ್ದಳು.

ಎಲ್ಲಕ್ಕಿಂತ ಹಿಂದಿನ ‘ನಡುಕ’ ಹತ್ತು ತಿಂಗಳ ಹಿಂದಿನದು. ಗಾಡಿಗೆ ಹೊಸ ಕ್ಲಚ್ ಪ್ಲೇಟ್ ಹಾಕಿಸಿದ ಮರುವಾರದ್ದು.

ಒಬ್ಬರಲ್ಲ ಇಬ್ಬರಲ್ಲ, ಒಂಬತ್ತು ಜನಕ್ಕೆ ಒಂದೇ ತಪ್ಪು, ಒಂದೇ ಹೊತ್ತಿನಲ್ಲಿ. ಅದನ್ನು ಬರೆದ ಕೈ ಒಂದೇ.

ಕ್ಲಚ್ ಹಾಕಿದ್ದು ಆಕೆಯ ಮೈದುನ. ಗಂಡನ ತಮ್ಮ, ಎರಡು ಬೀದಿ ಆಚೆ ಗ್ಯಾರೇಜ್ ಇಟ್ಟುಕೊಂಡಿದ್ದ. ಕೆಲಸದಲ್ಲಿ ಕೈ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಸೋಮವಾರ ಶಾಲೆಗೆ ರಜೆ ಹಾಕಿ ಆಕೆ ಗಾಡಿ ತಂದು ನಿಲ್ಲಿಸಿದಾಗ ಅವನು ಬಾನೆಟ್ ಕೂಡ ತೆಗೆಯದೆ ಹೇಳಿದ:

“ಡ್ರೈವಿಂಗ್ ಸ್ಕೂಲ್ ಗಾಡಿ ಅತ್ತಿಗೆ. ದಿನಾ ಹತ್ತು ಜನ ಕ್ಲಚ್ ಮೇಲೆ ಕಾಲಿಟ್ಟು ಕೂರ್ತಾರೆ. ಪ್ಲೇಟ್ ಸುಟ್ಟಿರುತ್ತೆ. ಬಿಟ್ಟು ಹೋಗಿ, ಸಂಜೆಗೆ ಹೊಸದು ಹಾಕಿಡ್ತೀನಿ.”

“ಬಿಟ್ಟು ಹೋಗಲ್ಲ. ನೋಡ್ಬೇಕು.”

“ಏನು ನೋಡ್ತೀರಿ?”

“ಎಲ್ಲಿ ನಡುಗುತ್ತೆ, ಯಾಕೆ ನಡುಗುತ್ತೆ, ಎರಡೂ.”

ಅವನು ಮೂಗು ಮುರಿದರೂ ಅತ್ತಿಗೆಗೆ ಒಂದು ಸ್ಟೂಲ್ ತಂದು ಹಾಕಿದ. ಮೊದಲು ಎಂಜಿನ್ ಚಾಲು ಮಾಡಿ ಸುಮ್ಮನೆ ಬಿಟ್ಟ. ನಡುಕವಿಲ್ಲ. “ನಿಂತಲ್ಲೇ ನಡುಗಿದ್ರೆ ಎಂಜಿನ್ನಿಂದೇ ತಕರಾರು, ಇಲ್ಲಾ ಅದರ ಹಿಂದಿನ ಚಕ್ರದ ತೂಕ ಒಂದು ಕಡೆ ಹೆಚ್ಚು. ಅದಿಲ್ಲ.” ಎಂಜಿನ್ ಕೂತಿದ್ದ ರಬ್ಬರುಗಳನ್ನು ಸಲಾಕೆಯಿಂದ ಮೀಟಿ ನೋಡಿದ. ಗಟ್ಟಿಯಾಗಿದ್ದವು. ಕೆಳಗೆ ಮಲಗಿ ಎಣ್ಣೆ ಸೋರಿದೆಯೇ ಎಂದು ಬೆರಳು ಹಾಕಿ ನೋಡಿದ. ಬೆರಳಿಗೆ ಎಣ್ಣೆ ಹತ್ತಲಿಲ್ಲ. “ಎಣ್ಣೆ ಬಿದ್ರೂ ಪ್ಲೇಟ್ ಹಿಡಿದು ಹಿಡಿದು ಬಿಡುತ್ತೆ. ಅದೂ ಇಲ್ಲ.” ಗೇರ್‌ಬಾಕ್ಸ್ ಇಳಿಸಲು ಎರಡೂವರೆ ಗಂಟೆ ಹಿಡಿಯಿತು. ಕ್ಲಚ್ ಪ್ಲೇಟ್ ಹೊರಬಂತು. ಅದರಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ದಪ್ಪ ಉಳಿದಿತ್ತು. ಸುಟ್ಟ ವಾಸನೆ ಕೂಡ ಇರಲಿಲ್ಲ.

ಮೈದುನ ಅದನ್ನು ತಿರುವಿ ಮುರುವಿ ನೋಡಿ ಮಾತಿಲ್ಲದೆ ನಿಂತ. ಅವನು ಮಾತಿಲ್ಲದೆ ನಿಂತದ್ದನ್ನು ಆಕೆ ಮದುವೆಯಾಗಿ ಬಂದ ಮೇಲೆ ನೋಡಿದ್ದು ಅದೇ ಮೊದಲು.

ಪ್ಲೇಟಿನ ಹಿಂದೆ, ಎಂಜಿನ್ನಿನ ಬೆನ್ನಿಗೆ ಬೋಲ್ಟು ಹಾಕಿ ಬಿಗಿದಿದ್ದ ದೊಡ್ಡ ಕಬ್ಬಿಣದ ಚಕ್ರವೊಂದು ಕಾಣುತ್ತಿತ್ತು. ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದು, ಅಂಚಿಗೆ ಸುತ್ತಲೂ ಹಲ್ಲು. ಕನ್ನಡಿಯ ಹಾಗೆ ಹೊಳೆಯಬೇಕಾದ ಅದರ ಮುಖದ ಮೇಲೆ ಅಲ್ಲಲ್ಲಿ ನೀಲಿ ಕಪ್ಪು ಮಚ್ಚೆಗಳಿದ್ದವು.

“ಇದೇನು?”

“ಫ್ಲೈವೀಲು.”

“ಏನು ಮಾಡುತ್ತೆ?”

“ನಮ್ಮಣ್ಣನ ಹೊಲಿಗೆ ಮಿಷನ್ ನೋಡಿದ್ದೀರಲ್ಲ. ಅಣ್ಣ ತುಳಿಯೋದು ಬಿಟ್ಟು ಬಿಟ್ಟು. ಆದ್ರೆ ಹೊಲಿಗೆ ಒಂದೇ ಸಮ ಬೀಳುತ್ತೆ. ಯಾಕೆ? ಕೆಳಗಿರೋ ದೊಡ್ಡ ಚಕ್ರ ತುಳಿದಿದ್ದನ್ನ ಇಟ್ಕೊಂಡು ಆಮೇಲೆ ಕೊಡುತ್ತೆ. ಎಂಜಿನ್ನೂ ಅಷ್ಟೇ. ಒಳಗೆ ಡಬ್ ಡಬ್ ಅಂತ ಒದೆಯುತ್ತೆ. ಆ ಒದೆತಾನೆಲ್ಲ ಈ ಭಾರದ ಚಕ್ರ ನುಂಗ್ಕೊಂಡು ಒಂದೇ ಸಮ ಮಾಡಿ ಹೊರಗೆ ಬಿಡುತ್ತೆ. ಸ್ಟಾರ್ಟರ್ ಹಿಡಿಯೋದು ಈ ಅಂಚಿನ ಹಲ್ಲನ್ನ. ಕ್ಲಚ್ ಪ್ಲೇಟ್ ಬಂದು ಒರಗೋದು ಈ ಮುಖಕ್ಕೆ.”

“ಮುಖದ ತುಂಬ ಮಚ್ಚೆ ಇದೆಯಲ್ಲ.”

“ಅದು ಇರುತ್ತೆ ಬಿಡಿ.”

ಎಷ್ಟೋ ಕಲಿಯುವವರು ‘ಕನ್ನಡಿ ನೋಡಿದೆ ಮೇಡಂ’ ಎಂದು ನೋಡದೆಯೇ ಹೇಳುವುದನ್ನು ಆಕೆ ಕೇಳಿದ್ದಳು. ಈ ಧ್ವನಿ ಅದೇ ಧ್ವನಿ.

“ಬಿಚ್ಚಿ ಕೊಡು. ಲೇತಿನ ಅಜ್ಜನ ಹತ್ತಿರ ತೋರಿಸೋಣ,” ಎಂದಳು.

ಲೇತಿನ ಅಜ್ಜ ಎಂದರೆ ಗ್ಯಾರೇಜಿನ ಸಾಲಿನ ಕೊನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಮಷೀನ್ ಇಟ್ಟುಕೊಂಡಿದ್ದ ಮುದುಕರು. ಕಿವಿ ಮಂದ, ಕಣ್ಣು ಚುರುಕು. ಮೈದುನ ಎರಡೂ ಕೈಯಲ್ಲಿ ಹೊತ್ತು ತಂದಿಟ್ಟ ಚಕ್ರವನ್ನು ಅವರು ಮೊದಲು ಮಷೀನಿಗೆ ಹಿಡಿಸಲೇ ಇಲ್ಲ. ಹಗ್ಗಕ್ಕೆ ನೇತುಹಾಕಿ ಪುಟ್ಟ ಸುತ್ತಿಗೆಯಿಂದ ತಟ್ಟಿ, ಅದರ ನಾದವನ್ನು ಕಿವಿಯ ಬದಲು ಕೈ ಇಟ್ಟು ನೋಡಿದರು. ಆಮೇಲೆ ಕೆಳಗಿಳಿಸಿ, ಸೀಮೆಎಣ್ಣೆಯ ಬಟ್ಟೆಯಿಂದ ಪೂರ್ತಿ ಒದ್ದೆ ಮಾಡಿ, ಹತ್ತು ನಿಮಿಷ ಬಿಟ್ಟು ಒಣಗಿಸಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು.

“ಅಜ್ಜಾ, ಮುಖ ಸವರಿ ಕೊಟ್ರೆ ಸಾಕು,” ಎಂದ ಮೈದುನ ಜೋರಾಗಿ.

“ತಡಿಯಪ್ಪಾ.”

ಬಿಳಿ ಪುಡಿಯ ಮೇಲೆ ನಿಧಾನವಾಗಿ ಗೆರೆಗಳು ಮೂಡಿದವು. ಮಚ್ಚೆಗಳಿದ್ದಲ್ಲೆಲ್ಲ ಜೇಡನ ಕಾಲಿನಷ್ಟು ಸಣ್ಣ ಗೆರೆಗಳು. ಅದರಲ್ಲೊಂದು ಮಾತ್ರ ಸಣ್ಣದಿರಲಿಲ್ಲ. ಮಚ್ಚೆಯಿಂದ ಹೊರಟು ನಡುವಿನ ಬೋಲ್ಟಿನ ತೂತಿನವರೆಗೂ ಹೋಗಿತ್ತು.

“ಬಿರುಕು,” ಎಂದರು ಅಜ್ಜ. “ಒಳಗಿದ್ದ ಸೀಮೆಎಣ್ಣೆ ಸುಣ್ಣಕ್ಕೆ ಬಂದು ಹತ್ತಿದೆ. ನೋಡಮ್ಮಾ, ಕಬ್ಬಿಣ ಅತಿಯಾಗಿ ಕಾದ್ರೆ ಅಲ್ಲಲ್ಲಿ ಗಡುಸಾಗುತ್ತೆ. ಗಡುಸಾದ ಜಾಗ ಕಾದಾಗ ಉಬ್ಬುತ್ತೆ. ಹೊಸ ಪ್ಲೇಟ್ ಹಾಕಿದ್ರೂ ಅದು ಉಬ್ಬಿದ ಕಡೆ ಹಿಡಿಯುತ್ತೆ, ತಗ್ಗಲ್ಲಿ ಬಿಡುತ್ತೆ. ಹಿಡಿ ಬಿಡು, ಹಿಡಿ ಬಿಡು. ಅದೇ ನಿಮ್ಮ ನಡುಕ. ಬೆಳಿಗ್ಗೆ ತಣ್ಣಗಿದ್ದಾಗ ಗೊತ್ತಾಗಲ್ಲ. ಮೂರು ಗಂಟೆ ಓಡಿ ಕಾದ ಮೇಲೆ ಶುರು.”

“ಹನ್ನೊಂದು ಗಂಟೆಗೆ,” ಎಂದಳು ಮೇಡಂ.

ಅಜ್ಜನಿಗೆ ಅದು ಕೇಳಿಸಲಿಲ್ಲ. “ಬರೀ ಮಚ್ಚೆ ಆಗಿದ್ರೆ ಸಾಣೆ ಹಿಡಿದು ನಾಲ್ಕು ಕೂದಲೆಳೆ ತೆಗೆದು ಕೊಡ್ತಿದ್ದೆ. ಬಿರುಕು ತೂತಿಗೆ ಮುಟ್ಟಿದೆ. ಇದನ್ನ ನಾನು ಮುಟ್ಟಲ್ಲ. ನೀವೂ ಹಾಕ್ಬೇಡಿ. ಎಂಜಿನ್ ಜೋರಾಗಿ ತಿರುಗುವಾಗ ಇದು ಒಡೆದ್ರೆ ಚೂರು ಗಾಡಿ ನೆಲ ಸೀಳ್ಕೊಂಡು ಒಳಗೆ ಬರುತ್ತೆ. ಮುಂದೆ ಕೂತವರ ಕಾಲ ಬುಡದಲ್ಲೇ ಇರೋದು ಇದು.”

ವಾಪಸ್ ನಡೆದು ಬರುವಾಗ ಚಕ್ರವನ್ನು ಹೊತ್ತಿದ್ದ ಮೈದುನ ನಡುದಾರಿಯಲ್ಲಿ ಒಂದು ಕಟ್ಟೆಯ ಮೇಲೆ ಇಳಿಸಿ ಉಸಿರು ಬಿಟ್ಟ. ಆಕೆಯ ಮುಖ ನೋಡದೆ ಹೇಳಿದ:

“ಹೋದ ಸಲಾನೂ ಇದ್ವು ಮಚ್ಚೆ. ನೋಡಿದ್ದೆ.”

“ನೋಡಿ?”

“ಉಪ್ಪುಕಾಗದದಲ್ಲಿ ಉಜ್ಜಿ ಹೊಸ ಪ್ಲೇಟ್ ಕೂರಿಸಿದೆ. ಚಕ್ರ ಬಿಚ್ಚಿ ಸಾಣೆಗೆ ಕೊಟ್ಟಿದ್ರೆ ಇನ್ನೊಂದು ದಿನ ಆಗ್ತಿತ್ತು. ಅವತ್ತು ನೀವು ಗ್ಯಾರೇಜ್ ಬಾಗಿಲಲ್ಲೇ ನಿಂತಿದ್ರಿ ಅತ್ತಿಗೆ. ನಾಳೆ ಟೆಸ್ಟಿದೆ, ನಾಲ್ಕು ಜನ ಕಾಯ್ತಿದ್ದಾರೆ, ಸಂಜೆಯೊಳಗೆ ಗಾಡಿ ಬೇಕೇ ಬೇಕು ಅಂತ ತಲೆ ತಿಂದ್ರಿ.”

ಆಕೆಗೆ ನೆನಪಾಯಿತು. ತಲೆ ತಿಂದದ್ದು ನಿಜ. “ಹೇಳಬಹುದಿತ್ತಲ್ಲ ನೀನು,” ಎಂದಳು.

“ನೀವು ಕೇಳೋ ಹಾಗಿದ್ರಾ?”

ಆಕೆ ಕಟ್ಟೆಯ ಮೇಲೆ ಚಕ್ರದ ಆ ಕಡೆ ಕೂತು ಬಿರುಕಿನ ಗೆರೆಯನ್ನು ಬೆರಳಿನಿಂದ ಸವರಿದಳು. ಆಮೇಲೆ ಮೈದುನ ಮತ್ತೆ ಅದನ್ನು ಹೊತ್ತುಕೊಂಡ.

ಹೊಸ ಚಕ್ರ ಬರಲು ನಾಲ್ಕು ದಿನ ಹಿಡಿಯಿತು. ಕೂರಿಸುವಾಗಲೂ ಆಕೆ ಸ್ಟೂಲ್ ಬಿಟ್ಟು ಏಳಲಿಲ್ಲ. ಮೈದುನನೂ ಈ ಸಲ ಅವಸರ ಮಾಡಲಿಲ್ಲ. ಹಳೆಯ ಬೋಲ್ಟುಗಳನ್ನು ಪಕ್ಕಕ್ಕೆಸೆದು ಹೊಸವನ್ನೇ ಹಾಕಿದ. ಒಂದಾದ ಮೇಲೆ ಅದರ ಎದುರಿನದು, ಆಮೇಲೆ ಇನ್ನೊಂದು, ಹೀಗೆ ಅಡ್ಡಡ್ಡ ಬಿಗಿಯುತ್ತ ಹೋದ. ಕೊನೆಗೆ ಮುಖಕ್ಕೆ, ಓರೆ ಅಳೆಯುವ ಡಯಲ್ ಗೇಜಿನ ಮೊನೆ ತಾಗಿಸಿ ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿದ. ಮುಳ್ಳು ಅಲುಗಿದ್ದೂ ಗೊತ್ತಾಗಲಿಲ್ಲ.

“ಓರೆ ಇಲ್ಲ. ನೋಡಿ,” ಎಂದ.

ಆಕೆ ಬಗ್ಗಿ ನೋಡಿದಳು.

ಮರುದಿನ ಬೆಳಗಿನಿಂದ ಹನ್ನೊಂದರವರೆಗೆ ಗಾಡಿ ಓಡಿತು. ಹನ್ನೊಂದಕ್ಕೆ ಟ್ರ್ಯಾಕ್ಟರಿನವನು ಮೇಲ್ಸೇತುವೆಯ ಏರಿನಲ್ಲಿ ನಿಲ್ಲಿಸಿ, ಮೆಲ್ಲಗೆ ಕಾಲು ಬಿಟ್ಟು ಹೊರಡಿಸಿದ. “ಜ್ವರ ಇಳೀತು,” ಎಂದ. ಆಕೆ ಅವನ ಪುಟದಲ್ಲಿ ಅಡ್ಡಗೆರೆ ಎಳೆದಳು, ಆದರೆ ಗಾಡಿ ನಿಲ್ಲಿಸಿದ ಮೇಲೆ.

ಅದೇ ಸಂಜೆ ನರ್ಸಮ್ಮನ ಮನೆಗೆ ಹೋದಳು. ಯಾರ ಮನೆಗೂ ಹೋಗಿ ಅಭ್ಯಾಸವಿದ್ದವಳಲ್ಲ. ಗೇಟಿನ ಹತ್ತಿರ ಎರಡು ಸಲ ಮುಂದೆ ಹೋಗಿ ವಾಪಸ್ ಬಂದಳು. ನರ್ಸಮ್ಮ ಅಂಗಳದ ಗಿಡಗಳಿಗೆ ನೀರು ಹಾಕುತ್ತಿದ್ದರು. ಆಕೆಯನ್ನು ನೋಡಿ ಪೈಪು ಕೆಳಗಿಡಲಿಲ್ಲ.

“ಏನು ಮೇಡಂ ಈ ಕಡೆ?”

“ಒಂದು ವಿಷಯ ಹೇಳ್ಬೇಕಿತ್ತು.”

ನಿಂತಲ್ಲೇ ಹೇಳಿದಳು. ಚಕ್ರ, ಮಚ್ಚೆ, ಬಿರುಕು, ಹನ್ನೊಂದು ಗಂಟೆ, ಒಂಬತ್ತು ಪುಟ. ರಿಜಿಸ್ಟರ್ ಬರೆಯುತ್ತ ಬ್ರೇಕ್ ಒತ್ತಲು ತಡವಾದದ್ದನ್ನೂ ಹೇಳಿದಳು. ಅದನ್ನು ಹೇಳಬೇಕೆಂದು ಬಂದಿರಲಿಲ್ಲ. ಉಳಿದದ್ದರ ಜೊತೆ ಅದೂ ಹೊರಬಂತು. “ನಿಮ್ಮ ಕಾಲು ಸರಿಯಾಗೇ ಇತ್ತು. ತಪ್ಪು ಗಾಡಿದು, ಆಮೇಲೆ ನನ್ನದು. ನಾಲ್ಕು ಜನರ ಮುಂದೆ ಹಾಗೆ ಅನ್ನಬಾರದಿತ್ತು.”

ನರ್ಸಮ್ಮ ಗುಲಾಬಿ ಗಿಡಕ್ಕೆ ನೀರು ಮುಗಿಸಿ ಪಕ್ಕದ ಕುಂಡಕ್ಕೆ ಹೋದರು.

“ನಾನು ಡ್ಯೂಟಿಲಿದ್ದಾಗ ಒಬ್ಬ ಪೇಷೆಂಟ್ ಇದ್ದ,” ಎಂದರು. “ಹೊಟ್ಟೆನೋವು ಅಂತಿದ್ದ. ಎಲ್ಲ ಪರೀಕ್ಷೆ ಸರಿಯಾಗೇ ಬರ್ತಿತ್ತು. ನಾಟಕ ಮಾಡ್ಬೇಡ ಅಂತ ಗದರಿಸಿದ್ದೆ. ಮೂರನೇ ದಿನ ಗೊತ್ತಾಯ್ತು, ಅವನಿಗೆ ಪರೀಕ್ಷೆ ಮಾಡ್ತಿದ್ದ ಯಂತ್ರಾನೇ ಕೆಟ್ಟಿತ್ತು. ಆಮೇಲೆ ಅವನು ಹುಷಾರಾಗಿ ಮನೆಗೆ ಹೋದ. ನಾನು ಅವನಿಗೆ ಏನೂ ಹೇಳ್ಲಿಲ್ಲ. ಬಾಯಿ ಬರ್ಲಿಲ್ಲ.”

“ನೀವು ಬಂದ್ರಿ. ಒಳ್ಳೇದು,” ಎಂದರು ನರ್ಸಮ್ಮ. ಆಮೇಲೆ ಪೈಪಿನ ನೀರು ನಿಲ್ಲಿಸಿ ಮೊದಲ ಸಲ ನೇರವಾಗಿ ನೋಡಿದರು. “ಉಳಿದ ಎಂಟು ಜನಕ್ಕೆ ಹೇಳಿದ್ರಾ?”

ಆಕೆ ಅದನ್ನು ಯೋಚಿಸಿರಲಿಲ್ಲ.

“ಅವರಿಗೂ ಹೇಳಿ ಬನ್ನಿ. ಆಮೇಲೆ ನಾನು ಬರ್ತೀನಿ. ಹನ್ನೊಂದಕ್ಕೇ ಬರ್ತೀನಿ.”

ಎಂಟು ಜನರನ್ನು ಹುಡುಕಲು ಒಂದು ವಾರ ಬೇಕಾಯಿತು. ಕೆಲವರ ಫೋನ್ ನಂಬರ್ ಬದಲಾಗಿತ್ತು. ಒಬ್ಬಳು ಶಾಲಾ ಶಿಕ್ಷಕಿ, “ಅಯ್ಯೋ ಮೇಡಂ, ನೀವು ಬೈದದ್ದು ನನಗೆ ನೆನಪೇ ಇಲ್ಲ, ಎಲ್ಲರಿಗೂ ಬೈತಿದ್ರಲ್ಲ” ಎಂದಳು. ಅದು ಕ್ಷಮೆಯೋ ದೂರೋ ಆಕೆಗೆ ತಿಳಿಯಲಿಲ್ಲ. ಒಬ್ಬ ಬಡಗಿ ಕೇಳಿ ಕೇಳಿ ನಕ್ಕ. ಈಗ ಟೆಂಪೋ ಓಡಿಸುತ್ತಿದ್ದನಂತೆ. ಔಷಧಿ ಅಂಗಡಿಯವನು, “ಆ ವಾರ ಗಮನ ಎಲ್ಲೋ ಇತ್ತು ಅನ್ನೋದು ನಿಜ ಮೇಡಂ, ಮಗಳು ಹುಟ್ಟಿದ್ಲು” ಎಂದ. ಇಬ್ಬರು ಸಿಗಲೇ ಇಲ್ಲ. ಮುದ್ರಣಾಲಯದಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಮಾತ್ರ ಫೋನಿನಲ್ಲಿ ಎಲ್ಲವನ್ನೂ ಮೊದಲಿಂದ ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ, “ನಮ್ಮನೇಲಿ ಎಲ್ಲರೂ ಈಗಲೂ ಅಂತಾರೆ, ಇವಳ ಕೈಲಿ ಒಂದು ಗಾಡಿ ಕಲಿಯೋಕೂ ಆಗ್ಲಿಲ್ಲ ಅಂತ” ಎಂದಳು. “ನೀವೇ ಒಂದ್ಸಲ ನಮ್ಮನೆಯವರಿಗೆ ಹೇಳ್ತೀರಾ? ನಾನು ಹೇಳಿದ್ರೆ ನೆಪ ಅಂತಾರೆ.”

ಮೇಡಂ ಹೋದಳು. ಆ ಮನೆಯ ಸೋಫಾದ ಅಂಚಿನಲ್ಲಿ ಕೂತು, ಹೆಂಗಸಿನ ಗಂಡ, ಅತ್ತೆ, ಇಬ್ಬರು ಮಕ್ಕಳ ಮುಂದೆ ಫ್ಲೈವೀಲ್ ಎಂದರೇನು ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಕಾಫಿ ಲೋಟದ ತಟ್ಟೆಯನ್ನು ತಿರುಗಿಸಿ ತೋರಿಸಿದಳು. ಅತ್ತೆಗೆ ಎಷ್ಟು ಅರ್ಥವಾಯಿತೋ, ಆದರೆ ಎದ್ದು ಬರುವಾಗ, “ಹಾಗಾದ್ರೆ ಇವಳು ಮತ್ತೆ ಕಲೀಬಹುದು ಅನ್ನಿ” ಎಂದರು.

“ಸೋಮವಾರದಿಂದ ಬರಲಿ,” ಎಂದಳು ಮೇಡಂ.

ಟ್ರ್ಯಾಕ್ಟರಿನವನ ಪಾಠ ಅಷ್ಟರಲ್ಲಿ ಮುಗಿದಿತ್ತು, ನರ್ಸಮ್ಮ ಹೇಳಿದ ಹಾಗೆ ಹನ್ನೊಂದಕ್ಕೇ ಬಂದರು. ಹೊರಡುವಾಗ ಗಾಡಿ ನಡುಗಲಿಲ್ಲ. ಹದಿನೈದು ದಿನಗಳಲ್ಲಿ ಮತ್ತೆ ಟೆಸ್ಟಿನ ದಿನ ಬಂತು. ಮೈದಾನದಂಥ ಜಾಗ, ನೆಲಕ್ಕೆ ಬಿಳಿ ಗೆರೆಗಳು, ನೆಟ್ಟ ಕಂಬಗಳು, ನೆರಳಿಗೆ ಒಂದು ತಗಡಿನ ಚಪ್ಪರ. ಚಪ್ಪರದ ಕೆಳಗಿನ ಬೆಂಚಿನಲ್ಲಿ ಮೇಡಂ ಕೂತಿದ್ದಳು. ಕಲಿಸುವವರು ಗಾಡಿಯ ಹತ್ತಿರ ಹೋಗುವಂತಿರಲಿಲ್ಲ.

ಏರಿನಲ್ಲಿ ನಿಲ್ಲಿಸಿ ಹೊರಡಿಸುವ ಭಾಗದಲ್ಲಿ ಗಾಡಿ ಒಂದು ಬೆರಳಷ್ಟೂ ಹಿಂದೆ ಜಾರಲಿಲ್ಲ. ಎಂಟರ ಆಕಾರದಲ್ಲಿ ತಿರುಗಿಸಿದ್ದೂ ಆಯಿತು. ಕೊನೆಯದು ಹಿಂದಕ್ಕೆ ತೆಗೆದು ಎರಡು ಕಂಬಗಳ ನಡುವೆ ನಿಲ್ಲಿಸುವುದು. ನರ್ಸಮ್ಮ ಸ್ಟೀರಿಂಗ್ ಅರ್ಧ ಸುತ್ತು ಮೊದಲೇ ತಿರುಗಿಸಿಬಿಟ್ಟರು. ಗಾಡಿ ಓರೆಯಾಗಿ ಹೋಗಿ ಎಡಗಡೆಯ ಕಂಬವನ್ನು ಮಲಗಿಸಿತು. ಪರೀಕ್ಷಕ ಕೈ ಅಲ್ಲಾಡಿಸಿ ಹಾಳೆಯಲ್ಲಿ ಏನೋ ಬರೆದ.

ನರ್ಸಮ್ಮ ನಡೆದು ಬಂದು ಬೆಂಚಿನಲ್ಲಿ ಕೂತರು. ಚೀಲದಿಂದ ನೀರಿನ ಬಾಟಲಿ ತೆಗೆದು ಕುಡಿದರು. ಮೇಡಂ ಅವರ ಕಡೆ ನೋಡಿದಳು. ಅವರ ಮುಖದಲ್ಲಿ ಬೇಸರದ ಸುಳಿವೇ ಇರಲಿಲ್ಲ.

“ಇದು ಪೂರ್ತಿ ನನ್ನದೇ ತಪ್ಪು,” ಎಂದರು. “ಮುಂಚೇನೇ ತಿರುಗಿಸಿದೆ.”

“ಹೌದು. ಅರ್ಧ ಸುತ್ತು ಮುಂಚೆ.”

“ಮತ್ತೆ ಯಾವಾಗ ಬರಬಹುದಂತೆ?”

“ಇಪ್ಪತ್ತು ದಿನ ಬಿಟ್ಟು.”

“ಸರಿ. ನಾಳೆ ಹಿಂದಕ್ಕೆ ತೆಗೆಯೋದನ್ನೇ ಮಾಡೋಣ. ಒಂದು ಗಂಟೆ ಪೂರ್ತಿ ಅದೇ.”

ಮುಂದಿನವನ ಸರದಿಗೆ ಕೂಗಿದರು. ಒಬ್ಬ ನೌಕರ ಬಂದು ಬಿದ್ದ ಕಂಬವನ್ನು ಎತ್ತಿ ನಿಲ್ಲಿಸಿದ. ಇಬ್ಬರೂ ಎದ್ದು ಗಾಡಿಯ ಕಡೆ ನಡೆದರು. ಓಡಿಸುವವರ ಬಾಗಿಲ ಹತ್ತಿರ ಮೇಡಂ ಒಂದು ಕ್ಷಣ ನಿಂತು, ಆಮೇಲೆ ತಾನು ಪಕ್ಕದ ಸೀಟಿನ ಕಡೆಗೆ ಹೋದಳು. ಮನೆಯವರೆಗೆ ನರ್ಸಮ್ಮನೇ ಓಡಿಸಿದರು.